ಕಂಬಳಿಯ ಮೇಲೆ ಹೊರಿಸಿದ ಅಪವಾದ

ಮಳೆಗಾಲ ಕಾಲಿಟ್ಟೊಡನೆ ಶಿವಮೊಗ್ಗ, ಭದ್ರಾವತಿಗಳ ಎಷ್ಟೋ ಮನೆಗಳಲ್ಲಿ ಸೀನಿನ ಕಾಲವೂ ಆರಂಭವಾಗುತ್ತದೆ. ಹಾಸಿಗೆಯಿಂದ ಎದ್ದೊಡನೆ ಸಾಲಾಗಿ ಎಂಟು ಹತ್ತು ಸೀನುಗಳು, ಮೂಗಿನಲ್ಲಿ ನೀರು, ಕಣ್ಣಿನಲ್ಲಿ ತುರಿಕೆ. ಕೆಲವರಿಗೆ ಎದೆಯಲ್ಲಿ ಸಿಳ್ಳು ಹಾಕಿದಂಥ ಸದ್ದು ಮತ್ತು ಉಬ್ಬಸ. ಕಾರಣವೇನೆಂದು ವಿಚಾರಿಸಿದರೆ ಭದ್ರಾವತಿಯವರು ಕಾರ್ಖಾನೆಯ ಚಿಮಣಿಯತ್ತ ಕೈ ತೋರಿಸುವುದು ಹಳೆಯ ವಾಡಿಕೆ. ಶಿವಮೊಗ್ಗದವರಿಗೆ ಆ ಅನುಕೂಲವಿಲ್ಲ. ಅವರು ಮೂಲೆಯಲ್ಲಿ ಸುರುಳಿ ಸುತ್ತಿಟ್ಟ ಕಂಬಳಿಯನ್ನು ತೋರಿಸಿ, "ಉಣ್ಣೆ ನಮಗೆ ಒಗ್ಗುವುದಿಲ್ಲ" ಎನ್ನುತ್ತಾರೆ. ತರುವಾಯ ನಡೆಯುವುದು ಹೀಗೆ: ಅಜ್ಜನ ಕಾಲದ ಕರಿ ಕಂಬಳಿ ಹೊರಗೆ ಹೋಗುತ್ತದೆ, ಅದರ ಸ್ಥಾನದಲ್ಲಿ ಗೋಡೆಯಿಂದ ಗೋಡೆಯವರೆಗೆ ನೆಲಕ್ಕೆ ಅಂಟಿಸಿದ ಕೃತಕ ನೂಲಿನ ರತ್ನಗಂಬಳಿ ಒಳಗೆ ಬರುತ್ತದೆ.

ಈ ತೀರ್ಪು ತಪ್ಪೆಂಬುದೂ, ತೀರ್ಪಿನ ಅನಂತರ ಮಾಡಿದ ವ್ಯವಸ್ಥೆ ಮೊದಲಿನದಕ್ಕಿಂತ ಕೆಟ್ಟದ್ದೆಂಬುದೂ ಈ ಲೇಖಕನ ಅಭಿಪ್ರಾಯ. ವಿಜ್ಞಾನವನ್ನು ಓದುವ ತರುಣರು ಇದನ್ನು ಕೊಂಚ ವಿಚಾರ ಮಾಡಿ ನೋಡಬೇಕು. ಅಪರಾಧಿ ಯಾರೆಂದು ಸರಿಯಾಗಿ ಗೊತ್ತುಮಾಡದೆ ಶಿಕ್ಷೆ ವಿಧಿಸಿದರೆ ನಿರಪರಾಧಿಗೆ ಅನ್ಯಾಯವಾಗುವುದಷ್ಟೇ ಅಲ್ಲ, ನಿಜವಾದ ಕಳ್ಳ ಮನೆಯಲ್ಲಿಯೇ ಉಳಿದುಬಿಡುತ್ತಾನೆ.

ಅಲರ್ಜಿ ಎಂಬ ಶಬ್ದವನ್ನು 1906ರಲ್ಲಿ ಮೊದಲು ಬಳಸಿದವನು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಇತರರಿಗೆ ನಿರುಪದ್ರವಿಯಾದ ವಸ್ತುವೊಂದನ್ನು ಒಬ್ಬನ ದೇಹ ಮಾತ್ರ ಶತ್ರುವೆಂದು ಭಾವಿಸಿ ಅದರ ಮೇಲೆ ಯುದ್ಧ ಹೂಡುವುದೇ ಅಲರ್ಜಿ. ಈ ಯುದ್ಧದಲ್ಲಿ ದೇಹವು ಬಳಸುವ ಆಯುಧ ಯಾವುದೆಂಬುದು ತಿಳಿಯಲು ಮುಂದೆ 60 ವರ್ಷಗಳು ಬೇಕಾದುವು. ಅಮೆರಿಕದಲ್ಲಿ ಇಷಿಜಾಕಾ ದಂಪತಿಗಳೂ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನಿಕ್ ಎಂಬವರೂ 1966–67ರಲ್ಲಿ ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದರು. ಐಜಿಇ ಎಂದು ಅದಕ್ಕೆ ಹೆಸರು. ಇದು ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಪ್ರೋಟೀನು. ಮೂಗಿನ ಮತ್ತು ಶ್ವಾಸನಾಳದ ಒಳಪೊರೆಯ ಕೆಲವು ಕಣಗಳಿಗೆ ಅಂಟಿಕೊಂಡು, ತನಗೆ ಗುರುತಿರುವ ವಸ್ತು ಬಂದೊಡನೆ ಆ ಕಣಗಳನ್ನು ಕೆರಳಿಸುತ್ತದೆ. ಅವು ಹೊರಚೆಲ್ಲುವ ಹಿಸ್ಟಮೀನ್ ಮೊದಲಾದ ದ್ರವ್ಯಗಳಿಂದ ಸೀನು, ನೀರು, ತುರಿಕೆಗಳು ಉಂಟಾಗುತ್ತವೆ.

ಹಾಗಾದರೆ ಉಣ್ಣೆಯನ್ನು ಶತ್ರುವೆಂದು ಭಾವಿಸುವ ದೇಹಗಳು ಇವೆಯೆ? ಇದ್ದರೂ ಅತಿ ವಿರಳ. ಉಣ್ಣೆಯ ಅಲರ್ಜಿಯನ್ನು ಕುರಿತು ಸುಮಾರು 100 ವರ್ಷಗಳಲ್ಲಿ ಬಂದ ವೈದ್ಯಕೀಯ ಬರಹಗಳನ್ನೆಲ್ಲ ಪರಿಶೀಲಿಸಿದ ಸಮೀಕ್ಷೆಯೊಂದು 2017ರಲ್ಲಿ ಪ್ರಕಟವಾಯಿತು. ಉಣ್ಣೆಯ ಎಳೆಯೇ ಅಲರ್ಜಿಯನ್ನುಂಟುಮಾಡುತ್ತದೆಂಬ ಮಾತಿಗೆ ಅದರ ಕರ್ತೃಗಳಿಗೆ ನಂಬಲರ್ಹವಾದ ಆಧಾರ ದೊರೆಯಲಿಲ್ಲ. ಆದರೂ ಕಂಬಳಿ ಹೊದ್ದರೆ ಮೈ ಕಡಿಯುವುದು ಸುಳ್ಳೆ? ಸುಳ್ಳಲ್ಲ. ಅದು ಬೇರೆ ವಿಷಯ. ಎಳೆಯ ದಪ್ಪ ಸುಮಾರು 30 ಮೈಕ್ರಾನನ್ನು, ಎಂದರೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗವನ್ನು ಮೀರಿದರೆ, ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ಚುಚ್ಚುತ್ತದೆ. ಚರ್ಮದ ನರಗಳಿಗೆ ಅದು ಕಡಿತವೆನಿಸುತ್ತದೆ. ಮೆರಿನೋ ಕುರಿಯ ಎಳೆ ಸಪೂರವಾದುದರಿಂದ ಬಾಗುತ್ತದೆ. ನಮ್ಮ ದಖನಿ ಕುರಿಯ ಎಳೆಗಳಲ್ಲಿ ಅನೇಕವು ಒರಟು, ಅವು ಬಾಗುವುದಿಲ್ಲ. ಇದು ಸೂಜಿಯ ಕೆಲಸವೇ ಹೊರತು ಅಲರ್ಜಿಯಲ್ಲ. ಅದೂ ಅಲ್ಲದೆ ನೆಲಕ್ಕೆ ಹಾಸಿದ ಕಂಬಳಿ ಮೂಗನ್ನು ಹೋಗಿ ಚುಚ್ಚಲಾರದು.

ಕಂಬಳಿಯನ್ನು ಕೊಡವಿದಾಗ ಸೀನು ಬರುವುದಾದರೋ ಎಲ್ಲರೂ ಕಂಡ ಸಂಗತಿ. ಅದಕ್ಕೆ ಕಾರಣ ಕಂಬಳಿಯಲ್ಲ, ಅದರೊಳಗೆ ಮನೆಮಾಡಿಕೊಂಡಿರುವ ಧೂಳು. ಮನೆಯ ಧೂಳು ಉಬ್ಬಸವನ್ನು ತರಬಲ್ಲದೆಂದು ವೈದ್ಯರು 1920ರ ದಶಕದ ಆರಂಭದಲ್ಲಿಯೇ ಗುರುತಿಸಿದ್ದರು. ವಿಚಿತ್ರವೆಂದರೆ ಬೀದಿಯ ಧೂಳಿಗೆ ಈ ಗುಣವಿಲ್ಲ, ಮನೆಯ ಧೂಳಿಗೆ ಮಾತ್ರ ಇದೆ. ಒಣ ಮನೆಯ ಧೂಳಿಗಿಂತ ತೇವದ ಮನೆಯ ಧೂಳಿಗೆ ಹೆಚ್ಚಾಗಿದೆ. ಈ ಒಗಟನ್ನು ಬಿಡಿಸಿದವರು ಹಾಲೆಂಡಿನ ಲೈಡನ್ ನಗರದವರು. ಹಾಲೆಂಡೂ ನಮ್ಮ ಮಲೆನಾಡಿನಂತೆ ತೇವದ ನಾಡೇ. 1964ರಲ್ಲಿ ಫೋರ್ಹೋರ್ಸ್ಟ್ ಮತ್ತು ಸ್ಪೀಕ್ಸ್ಮಾ ದಂಪತಿಗಳು, ಧೂಳಿನ ಈ ವಿಷವನ್ನು ತಯಾರಿಸುವುದು ಒಂದು ಪುಟ್ಟ ಜೀವಿಯಿರಬಹುದೆ ಎಂಬ ಪ್ರಶ್ನೆಯನ್ನು ಮುಂದಿಟ್ಟರು. ಕೆಲವೇ ವರ್ಷಗಳಲ್ಲಿ ಪ್ರಶ್ನೆಯೇ ಉತ್ತರವಾಯಿತು. ಆ ಜೀವಿಯೇ ಧೂಳುನುಸಿ. ಡರ್ಮಟೊಫಗಾಯ್ಡಿಸ್ ಎಂದು ಶಾಸ್ತ್ರಜ್ಞರು ಇಟ್ಟ ಹೆಸರಿನಲ್ಲಿಯೇ ಚರ್ಮಭಕ್ಷಕ ಎಂಬ ಅರ್ಥ ಅಡಗಿದೆ.

ನುಸಿ ಎಂಬ ಮಾತು ತೆಂಗಿನ ತೋಟದವರಿಗೆ ಹೊಸದಲ್ಲ. ಕಾಯಿಯ ಮೈಯನ್ನು ಕಂದುಗಟ್ಟಿಸುವ ನುಸಿಯೂ ಇದೂ ಒಂದೇ ದೊಡ್ಡ ಬಳಗದವು. ಇವು ಕೀಟಗಳಲ್ಲ; ಜೇಡ ಮತ್ತು ಉಣುಗುಗಳ ದಾಯಾದಿಗಳು. ಉಣುಗಿನ ಪರಿಚಯ ಶಿವಮೊಗ್ಗ ಜಿಲ್ಲೆಗೆ ಬೇಕಾದಷ್ಟಿದೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಕನ್ನಡದಲ್ಲಿ ಉಣುಗಿಗೆ ಉಣ್ಣೆ ಎಂಬ ಹೆಸರೂ ಉಂಟು, ಕುರಿಯ ತುಪ್ಪಟಕ್ಕೂ ಉಣ್ಣೆಯೆಂದೇ ಹೆಸರು. "ಉಣ್ಣೆ ಒಗ್ಗುವುದಿಲ್ಲ" ಎಂಬ ದೂರನ್ನು ಮೊದಲನೆಯ ಅರ್ಥದಲ್ಲಿ ತೆಗೆದುಕೊಂಡರೆ ಅದು ಸತ್ಯಕ್ಕೆ ಹತ್ತಿರವಾಗುತ್ತದೆ!

ಧೂಳುನುಸಿಯ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಅದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಮ್ಮ ಚರ್ಮದಿಂದ ದಿನಕ್ಕೆ ಸುಮಾರು 1 ಗ್ರಾಮಿನಷ್ಟು ಹೊಪ್ಪಳಿಕೆ ಉದುರುತ್ತದೆ. ಅದೇ ಅದರ ಆಹಾರ. ಕಂಬಳಿಯ ಎಳೆಯನ್ನು ಅದು ತಿನ್ನುವುದಿಲ್ಲ. ಉಣ್ಣೆಯನ್ನು ತಿಂದು ತೂತುಮಾಡುವವು ಬೇರೆ ಪತಂಗಗಳ ಮತ್ತು ದುಂಬಿಗಳ ಮರಿಗಳು. ನಮಗೆ ತೊಂದರೆ ಕೊಡುವುದು ಮುಖ್ಯವಾಗಿ ಧೂಳುನುಸಿಯ ಹಿಕ್ಕೆ. ಒಂದೊಂದು ಹಿಕ್ಕೆಯೂ ಸುಮಾರು 20 ಮೈಕ್ರಾನ್ ಗಾತ್ರದ ಉಂಡೆ. ಅದರೊಳಗೆ ಪ್ರೋಟೀನನ್ನು ಕತ್ತರಿಸುವ ಜೀರ್ಣಕಿಣ್ವಗಳಿರುತ್ತವೆ. ಅಲುಗದ ಗಾಳಿಯಲ್ಲಿ ಈ ಉಂಡೆಗಳು ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಅರ್ಧ ಗಂಟೆಯೊಳಗೆ ನೆಲಕ್ಕೆ ಇಳಿದುಬಿಡುತ್ತವೆ. ಪೊರಕೆಯಾಡಿಸಿದಾಗ, ಹಾಸಿಗೆ ಕೊಡವಿದಾಗ, ತಲೆದಿಂಬಿನ ಮೇಲೆ ಹೊರಳಿದಾಗ ಮೇಲೇಳುತ್ತವೆ. ಮಲಗಿದವನ ಮೂಗಿಗೂ ದಿಂಬಿಗೂ ನಾಲ್ಕು ಬೆರಳಿನ ಅಂತರವೂ ಇಲ್ಲವೆಂಬುದನ್ನು ನೆನೆದರೆ ಬೆಳಗಿನ ಸೀನಿನ ಗುಟ್ಟು ತಾನಾಗಿ ತಿಳಿಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ನುಸಿ ನೀರು ಕುಡಿಯುವುದಿಲ್ಲ. ಮುಂಗಾಲಿನ ಬುಡದಲ್ಲಿರುವ ಗ್ರಂಥಿಗಳಿಂದ ಉಪ್ಪಿನ ದ್ರವವನ್ನು ಸ್ರವಿಸಿ, ಅದರ ಮೂಲಕ ಗಾಳಿಯಲ್ಲಿರುವ ನೀರಾವಿಯನ್ನೇ ಹೀರಿಕೊಂಡು ಬದುಕುತ್ತದೆ. ಮಳೆಗಾಲದಲ್ಲಿ ಉಪ್ಪಿನ ಮರಿಗೆ ತಾನೇ ನೀರೊಡೆಯುವುದನ್ನು ಕಂಡವರಿಗೆ ಈ ಉಪಾಯ ಅರ್ಥವಾಗುವುದು ಕಷ್ಟವಲ್ಲ. ಸಾಪೇಕ್ಷ ಆರ್ದ್ರತೆ ಶೇಕಡಾ 70ರಿಂದ 80ರ ವರೆಗೆ ಇದ್ದರೆ ಅದಕ್ಕೆ ಸುಭಿಕ್ಷ. ಶೇಕಡಾ 50ಕ್ಕಿಂತ ಕೆಳಗಿಳಿದು ವಾರಗಟ್ಟಲೆ ಅಲ್ಲಿಯೇ ನಿಂತರೆ ನುಸಿ ಒಣಗಿ ಸಾಯುತ್ತದೆ. ಆದುದರಿಂದ ನುಸಿಯ ಪ್ರಶ್ನೆಯೆಂದರೆ ನೂಲಿನ ಪ್ರಶ್ನೆಯಲ್ಲ, ತೇವದ ಪ್ರಶ್ನೆ.

ಇಲ್ಲಿ ಕಂಬಳಿಯ ಪ್ರಯಾಣವನ್ನು ಸ್ವಲ್ಪ ಹಿಂಬಾಲಿಸೋಣ. ಕರಿ ಕಂಬಳಿ ಮಲೆನಾಡಿನಲ್ಲಿ ಹುಟ್ಟುವುದಿಲ್ಲ. ದಖನಿ ಕುರಿ ಬಯಲುಸೀಮೆಯ ಪ್ರಾಣಿ. ಚಿತ್ರದುರ್ಗ, ತುಮಕೂರು, ಬಳ್ಳಾರಿ, ಹಾವೇರಿಗಳ ಕುರುಬರು ಅದನ್ನು ಸಾಕಿ, ಉಣ್ಣೆ ಕತ್ತರಿಸಿ, ನೂತು, ಹಾಸಿಗೆ ಹುಣಿಸೆಬೀಜದ ಸರಿಯನ್ನು ಹಚ್ಚಿ, ಗುಣಿಮಗ್ಗದಲ್ಲಿ ನೇಯುತ್ತಾರೆ. ಕಂಬಳಿಯ ಪೇಟೆಯೆಂದು ಹೆಸರಾದ ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ಅಲ್ಲಿಯ ಒಣ ಬೇಸಗೆಯಲ್ಲಿ ನುಸಿಗೆ ಬಾಳುವೆ ಕಷ್ಟ. ಅಲ್ಲಿಂದ ಪಡುವಣಕ್ಕೆ ಬಂದ ಕಂಬಳಿಯನ್ನು ಮಲೆನಾಡಿನವನು ಕೊಪ್ಪೆ ಮಾಡಿ ಹೊದ್ದು ಗದ್ದೆಗಿಳಿಯುತ್ತಾನೆ, ಹಾಸುತ್ತಾನೆ, ಗದ್ದಿಗೆಗೆ ಬಳಸುತ್ತಾನೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಅಷ್ಟಿಲ್ಲ. ಅವು ಮಲೆನಾಡಿನ ಬಾಗಿಲುಗಳು ಮಾತ್ರ. ಆದರೂ ಆಷಾಢ ಶ್ರಾವಣಗಳಲ್ಲಿ ತುಂಗೆ ಭದ್ರೆಯರ ದಂಡೆಯ ಗಾಳಿ ದಿನವೆಲ್ಲ ಹಸಿಯಾಗಿರುವುದನ್ನು ಒಣಗದ ಬಟ್ಟೆಯೇ ಸಾರುತ್ತದೆ.

ಉಣ್ಣೆಗೆ ನೀರಾವಿಯ ಮೇಲೆ ಬಹಳ ಪ್ರೀತಿ. ಶೇಕಡಾ 65 ಆರ್ದ್ರತೆಯ ಗಾಳಿಯಲ್ಲಿ ಅದು ತನ್ನ ಒಣ ತೂಕದ ಸುಮಾರು ಶೇಕಡಾ 16ರಷ್ಟು ನೀರನ್ನು ಹೀರಿಕೊಂಡಿರುತ್ತದೆ. ಗಾಳಿ ಪೂರ್ತಿ ಹಸಿಯಾದರೆ ಮೂರನೆಯ ಒಂದು ಪಾಲಿನಷ್ಟನ್ನು ಹೀರಿಯೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಒಣಗಿದಾಗ 2 ಕಿಲೋಗ್ರಾಮ್ ತೂಗುವ ಕಂಬಳಿಯೊಂದು ಶ್ರಾವಣದಲ್ಲಿ ಅರ್ಧ ಸೇರಿಗೆ ಸಮೀಪದ ನೀರನ್ನು ಗುಟ್ಟಾಗಿ ಹೊತ್ತಿರಬಹುದು. ಇದರಿಂದ ಉಣ್ಣೆಯೇ ಅಪರಾಧಿಯೆಂದು ತೀರ್ಮಾನಿಸಬೇಡಿ. ಪಾಲಿಪ್ರೊಪಿಲೀನಿನ ಎಳೆ ನೀರನ್ನು ಹೀರುವುದೇ ಇಲ್ಲವೆನ್ನಬಹುದು. ಆದರೂ ಅಂಥ ರತ್ನಗಂಬಳಿಯಲ್ಲಿ ನುಸಿ ಸುಖವಾಗಿ ಬಾಳುತ್ತದೆ. ಅದಕ್ಕೆ ಬೇಕಾದುದು ಎಳೆಗಳ ನಡುವಣ ಕತ್ತಲೆ, ಅಲ್ಲಿ ಬಿದ್ದ ಹೊಪ್ಪಳಿಕೆ ಮತ್ತು ತೇವದ ಗಾಳಿ. ಮೂರನ್ನೂ ನಾವೇ ಒದಗಿಸುತ್ತೇವೆ.

ನೆಲದ ವಿಷಯದಲ್ಲಿ ಭೌತವಿಜ್ಞಾನವೂ ನುಸಿಯ ಪಕ್ಷ ವಹಿಸುತ್ತದೆ. ಕೋಣೆಯ ಗಾಳಿ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶೇಕಡಾ 75ರಷ್ಟು ಹಸಿಯಾಗಿದೆ ಎಂದು ಇಟ್ಟುಕೊಳ್ಳಿ. ಅದೇ ಗಾಳಿ ತಣ್ಣನೆಯ ನೆಲಕ್ಕೆ ತಾಗಿ 23 ಡಿಗ್ರಿಗೆ ಇಳಿದರೆ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 95ಕ್ಕೆ ಏರುತ್ತದೆ. ಗಾಳಿಯಲ್ಲಿರುವ ನೀರು ಹೆಚ್ಚಲಿಲ್ಲ, ಅದನ್ನು ಹೊರುವ ಶಕ್ತಿ ಮಾತ್ರ ಕುಗ್ಗಿತು. ಕಾಲೇಜಿನ ವಿದ್ಯಾರ್ಥಿಗಳು ಸಂತೃಪ್ತ ಬಾಷ್ಪದ ಒತ್ತಡದ ಪಟ್ಟಿಯನ್ನು ತೆರೆದು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ನೆಲಕ್ಕೆ ಅಂಟಿಸಿದ ಹಾಸಿನ ಅಡಿಭಾಗ ಮಳೆಗಾಲದುದ್ದಕ್ಕೂ ಈ ಸ್ಥಿತಿಯಲ್ಲಿಯೇ ಇರುತ್ತದೆ. ಅದನ್ನು ಎತ್ತಿ ಬಿಸಿಲಿಗೆ ಹಾಕುವಂತಿಲ್ಲ. ನನ್ನ ಆಕ್ಷೇಪಣೆಯ ತಿರುಳು ಇಷ್ಟೇ. ಲಂಡನ್ನಿನಲ್ಲಿಯೋ ಶಿಕಾಗೋದಲ್ಲಿಯೋ ಚಳಿಗಾಲದಲ್ಲಿ ಮನೆಯನ್ನು ಕಾಯಿಸುತ್ತಾರೆ, ಗಾಳಿ ಒಣಗುತ್ತದೆ. ಅಲ್ಲಿಯ ನೆಲಹಾಸಿನ ಫ್ಯಾಷನನ್ನು ತುಂಗಾತೀರಕ್ಕೆ ಹಾಗೆಯೇ ತಂದು ಅಂಟಿಸುವುದು ವಿವೇಕವಲ್ಲ. ಅಲ್ಲಿಯೂ ಅದು ನಿರುಪದ್ರವಿಯೇನಲ್ಲವೆಂಬುದು ಬೇರೆ ಮಾತು.

ನಮ್ಮ ಹಿರಿಯರ ಮನೆಗಳಲ್ಲಿ ಕಂಬಳಿಗೆ ಒಂದು ಜಾಗವಿತ್ತು: ಬಚ್ಚಲೊಲೆಯ ಮೇಲಿನ ಗಳು. ಮಳೆಗಾಲದಲ್ಲಿ ತೊಯ್ದ ಕಂಬಳಿ ಅಲ್ಲಿ ರಾತ್ರಿಯೆಲ್ಲ ತೂಗಾಡಿ ಗರಿಗರಿಯಾಗುತ್ತಿತ್ತು. ಯಾರೂ ನುಸಿಯ ಹೆಸರನ್ನು ಕೇಳಿರಲಿಲ್ಲ, ಆದರೂ ಒಲೆಯ ಕಾವು ನುಸಿಯನ್ನು ಒಣಗಿಸುತ್ತಿತ್ತು. ಒಲೆಯ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದೇ. ಅದು ಹೋದುದಕ್ಕೆ ನಾನು ಮರುಗುವುದಿಲ್ಲ. ವಿದ್ಯುತ್ ಗೀಸರ್ ಬಂದು ಹೊಗೆಯೊಡನೆ ಕಾವನ್ನೂ ಕೊಂಡೊಯ್ದಿತು, ಮತ್ತು ಮನೆಯಲ್ಲಿ ಒಣ ಮೂಲೆಯೊಂದನ್ನು ಬೇರೆಯಾಗಿ ನಿರ್ಮಿಸಬೇಕೆಂಬುದು ಮನೆ ಕಟ್ಟುವವರಿಗೆ ತೋಚಲಿಲ್ಲ ಎಂಬುದಷ್ಟೇ ನನ್ನ ದೂರು.

ಹಿರಿಯರನ್ನು ಹೊಗಳಿದ ಮೇಲೆ ಅವರ ಒಂದು ನಂಬಿಕೆಯನ್ನು ಟೀಕಿಸದೆ ಬಿಡುವುದು ನ್ಯಾಯವಲ್ಲ. ಆಚಾರವಂತರ ಮನೆಗಳಲ್ಲಿ ರೇಷ್ಮೆಗೂ ಉಣ್ಣೆಗೂ ಮೈಲಿಗೆಯಿಲ್ಲ. ಹತ್ತಿಯ ಬಟ್ಟೆಯನ್ನು ನಿತ್ಯವೂ ಒಗೆದು ಮಡಿಮಾಡಬೇಕು, ಕಂಬಳಿ ಮಾತ್ರ ಒಗೆಯದೆಯೂ ಮಡಿ. ಉಣ್ಣೆಯನ್ನು ಪದೇ ಪದೇ ಒಗೆದರೆ ಅದು ಕುಗ್ಗಿ ಗಂಟುಗಟ್ಟುವುದರಿಂದ ಈ ವಿನಾಯಿತಿ ಹುಟ್ಟಿತೋ ಏನೋ. ನುಸಿಗೆ ಮಾತ್ರ ಈ ಶಾಸ್ತ್ರ ಬಹಳ ಪ್ರಿಯವಾದುದು. ಹತ್ತು ವರ್ಷ ನೀರು ಕಾಣದ ಮಡಿಗಂಬಳಿಯೊಂದರಲ್ಲಿ ಎಷ್ಟು ತಲೆಮಾರುಗಳ ಹಿಕ್ಕೆ ಶೇಖರವಾಗಿರಬಹುದು! ನುಸಿ ಸತ್ತರೂ ಹಿಕ್ಕೆಯ ಗುಣ ಸುಲಭವಾಗಿ ಹೋಗುವುದಿಲ್ಲವೆಂಬುದನ್ನು ಮರೆಯಬಾರದು. ಅದು ನೀರಿನಲ್ಲಿ ಕರಗುವ ವಸ್ತುವಾದುದರಿಂದ ತಣ್ಣೀರಿನಲ್ಲಿ ಅದ್ದಿ ತೆಗೆದರೂ ಬಹುಪಾಲು ತೊಳೆದುಹೋಗುತ್ತದೆ. ನುಸಿಯನ್ನು ಕೊಲ್ಲಲು ಬಿಸಿಲು ಸಾಕು: 1994ರಲ್ಲಿ ಸಿಡ್ನಿಯ ಸಂಶೋಧಕರು ನೆಲಹಾಸುಗಳನ್ನು ನೇರ ಬಿಸಿಲಿನಲ್ಲಿ ಕೆಲವು ಗಂಟೆ ಹರಡಿ, ಅವುಗಳಲ್ಲಿದ್ದ ನುಸಿಗಳೆಲ್ಲ ಸತ್ತುವೆಂದು ತೋರಿಸಿದರು. ಬಿಸಿಲು ಕೊಲ್ಲುತ್ತದೆ, ನೀರು ತೊಳೆಯುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡದು.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳೂ ಇವೆ. ರತ್ನಗಂಬಳಿಯ ವರ್ತಕರು ಸ್ವೀಡನ್ನಿನ ಉದಾಹರಣೆಯನ್ನು ಕೊಡುತ್ತಾರೆ: ಅಲ್ಲಿ 1970ರ ದಶಕದ ಅನಂತರ ನೆಲಹಾಸಿನ ಬಳಕೆ ಇಳಿಯಿತು, ಅಲರ್ಜಿ ಮಾತ್ರ ಏರಿತು, ಆದಕಾರಣ ನೆಲಹಾಸು ನಿರ್ದೋಷಿ. ಇದು ತರ್ಕವಲ್ಲ. ಆ ವರ್ಷಗಳಲ್ಲಿಯೇ ಸ್ವೀಡನ್ನಿನ ಮನೆಗಳು, ಊಟ, ಕುಟುಂಬದ ಗಾತ್ರ ಮೊದಲಾದ ನೂರು ಸಂಗತಿಗಳು ಬದಲಾದುವು. ಅವುಗಳಲ್ಲಿ ಒಂದನ್ನೇ ಆರಿಸಿ ಅಲರ್ಜಿಯ ಪಕ್ಕದಲ್ಲಿ ನಿಲ್ಲಿಸಿದರೆ ಏನನ್ನಾದರೂ ಸಿದ್ಧಪಡಿಸಬಹುದು. ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ಉಬ್ಬಸದ ರೋಗಿಗಳ ಮನೆಗಳಲ್ಲಿ ನುಸಿಯನ್ನು ಹತೋಟಿಗೆ ತರಲು ನಡೆಸಿದ 50ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆಯೊಂದು 2008ರಲ್ಲಿ ಪ್ರಕಟವಾಯಿತು. ಹಾಸಿಗೆಯ ಗವಸು, ನುಸಿನಾಶಕ ರಾಸಾಯನಿಕಗಳು ಮೊದಲಾದ ಉಪಾಯಗಳಿಂದ ರೋಗಿಗಳಿಗೆ ಹೇಳಿಕೊಳ್ಳುವಂಥ ಪ್ರಯೋಜನ ಕಂಡುಬರಲಿಲ್ಲವೆಂದು ಅದು ನಿರ್ಣಯಿಸಿತು. ಇದನ್ನು ಮುಚ್ಚಿಟ್ಟು ಬರೆಯುವುದು ಪ್ರಾಮಾಣಿಕತೆಯಲ್ಲ. ಆ ಪ್ರಯೋಗಗಳಲ್ಲಿ ಅನೇಕವು ನುಸಿಯ ಪ್ರಮಾಣವನ್ನು ಸಾಕಷ್ಟು ಇಳಿಸಲಿಲ್ಲವೆಂದು ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಕಾಣುವ ಮಟ್ಟಿಗೆ ಇದರ ಅರ್ಥ ಇಷ್ಟು: ಕಂಬಳಿಯನ್ನು ಒಣಗಿಸುವುದು ಔಷಧಕ್ಕೆ ಬದಲಿಯಲ್ಲ. ಉಬ್ಬಸವಿರುವ ಹುಡುಗ ವೈದ್ಯರು ಕೊಟ್ಟ ಇನ್ಹೇಲರನ್ನು ಬಿಟ್ಟು ಕಂಬಳಿ ಕೊಡವುತ್ತ ಕುಳಿತರೆ ಅಪಾಯ. ಆದರೆ ಖರ್ಚಿಲ್ಲದೆ ಮಾಡಬಹುದಾದ ಕೆಲಸವನ್ನು ಬಿಡುವುದಕ್ಕೂ, ಖರ್ಚು ಮಾಡಿ ನುಸಿಗೆ ಹೊಸ ಮನೆ ಕಟ್ಟಿಕೊಡುವುದಕ್ಕೂ ಆ ಸಮೀಕ್ಷೆ ಅಪ್ಪಣೆಯೇನನ್ನೂ ಕೊಟ್ಟಿಲ್ಲ.

ಚಿಮಣಿಯ ಮಾತು ಉಳಿಯಿತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಿಂದ ಉರಿಯತೊಡಗಿತು. ಕಾಗದದ ಕಾರ್ಖಾನೆ 1930ರ ದಶಕದಲ್ಲಿ ಬಂದಿತು. ಹೊಗೆ ಮೂಗನ್ನೂ ಗಂಟಲನ್ನೂ ಕೆರಳಿಸುತ್ತದೆ, ಈಗಾಗಲೆ ಅಲರ್ಜಿಯಿರುವವನ ಉಬ್ಬಸವನ್ನು ಹೆಚ್ಚಿಸುತ್ತದೆ, ಇದರಲ್ಲಿ ಸಂದೇಹವಿಲ್ಲ. ಆದರೆ ಕಾಗದದ ಕಾರ್ಖಾನೆ ಉತ್ಪಾದನೆಯನ್ನು ನಿಲ್ಲಿಸಿ ಅನೇಕ ವರ್ಷಗಳಾದುವು, ಉಕ್ಕಿನ ಕಾರ್ಖಾನೆಯಲ್ಲಿಯೂ ಹಿಂದಿನ ಭರಾಟೆ ಉಳಿದಿಲ್ಲ. ದೂರುವ ವಾಡಿಕೆ ಮಾತ್ರ ಹಾಗೆಯೇ ಇದೆ. ಹೊಗೆಯ ಸೀನಿಗೂ ನುಸಿಯ ಸೀನಿಗೂ ಭೇದವನ್ನು ಗುರುತಿಸಲು ಒಂದು ಸುಲಭವಾದ ಗಮನಿಕೆ ಇದೆ. ಹೊಗೆಯ ಬಾಧೆ ಗಾಳಿಯ ದಿಕ್ಕನ್ನು ಅನುಸರಿಸುತ್ತದೆ, ಮನೆಯ ಹೊರಗೆ ಹೆಚ್ಚು. ನುಸಿಯ ಬಾಧೆ ಹಾಸಿಗೆಯನ್ನು ಅನುಸರಿಸುತ್ತದೆ. ಮನೆಯೊಳಗೆ, ಏಳುವ ಹೊತ್ತಿನಲ್ಲಿ, ಕಸ ಗುಡಿಸುವಾಗ ಹೆಚ್ಚು. ಒಂದು ತಿಂಗಳು ದಿನಚರಿಯಲ್ಲಿ ಬರೆದಿಟ್ಟುಕೊಂಡರೆ ವೈದ್ಯರಿಗೂ ಅದರಿಂದ ಸಹಾಯವಾದೀತು. ಚರ್ಮದ ಪರೀಕ್ಷೆಯಿಂದಲೋ ರಕ್ತಪರೀಕ್ಷೆಯಿಂದಲೋ ಕೊನೆಯ ನಿರ್ಣಯ ಮಾಡುವವರು ಅವರೇ.

ಹಾಗಾದರೆ ಏನು ಮಾಡಬೇಕು? ಉಬ್ಬಸವಿರುವವರು ಮಲಗುವ ಕೋಣೆಯಲ್ಲಿ ಯಾವ ನೆಲಹಾಸೂ ಬೇಡ. ಬರಿಯ ನೆಲವನ್ನು ಒದ್ದೆ ಬಟ್ಟೆಯಿಂದ ಒರಸಿದರೆ ಸಾಕು. ಅಲ್ಲಿ ಮೊದಲು ನೋಡಬೇಕಾದುದು ನೆಲವನ್ನಲ್ಲ, ಹತ್ತಿಯ ಹಾಸಿಗೆಯನ್ನು ಮತ್ತು ಬೂರುಗದ ದಿಂಬನ್ನು. ನುಸಿಯ ರಾಜಧಾನಿ ಅಲ್ಲಿರುತ್ತದೆ, ಕಂಬಳಿ ಒಂದು ಹೋಬಳಿ ಮಾತ್ರ. ಉಳಿದ ಕೋಣೆಗಳಲ್ಲಿ ಹಾಸು ಬೇಕೆನಿಸಿದರೆ ಎತ್ತಿ ಹೊರಗೊಯ್ಯಬಹುದಾದುದನ್ನೇ ಹಾಸಬೇಕು. ನವಲಗುಂದದ ಹತ್ತಿಯ ಜಮಖಾನೆಯನ್ನು ನೀರಿಗೆ ಹಾಕಬಹುದು. ಕಂಬಳಿಯನ್ನು ಜೇಷ್ಠದಿಂದ ಭಾದ್ರಪದದ ವರೆಗೆ ಸುತ್ತಿಡದೆ ಎತ್ತರದಲ್ಲಿ ಗಾಳಿಗೆ ನೇತುಹಾಕಿ, ಮಳೆ ಬಿಟ್ಟ ಮೇಲೆ ತಣ್ಣೀರಿನಲ್ಲಿ ಅದ್ದಿ, ಬಿಸಿಲಿನಲ್ಲಿ ಎರಡು ಮಗ್ಗುಲೂ ಕಾಯಿಸಿ ಬಳಸಬಹುದು. ಕೊಡವುವ ಕೆಲಸ ಅಂಗಳದಲ್ಲಿ ನಡೆಯಲಿ, ಉಬ್ಬಸವಿಲ್ಲದವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಲಿ.

ಕಂಬಳಿಯ ಮೇಲಿನ ಈ ಅಪವಾದದಿಂದ ಹಾನಿ ಮನೆಯವರಿಗೆ ಮಾತ್ರವಲ್ಲ. ದಖನಿ ಕುರಿಯ ಉಣ್ಣೆಗೆ ಬೆಲೆ ಕುಸಿದು, ಕುರಿಗಾರರು ಉಣ್ಣೆಯಿಲ್ಲದ, ಮಾಂಸಕ್ಕೆ ಮಾತ್ರ ಆಗುವ ತಳಿಗಳತ್ತ ಹೊರಳುತ್ತಿದ್ದಾರೆ. ಕತ್ತರಿಸಿದ ಉಣ್ಣೆಯನ್ನು ಹೊಲದಲ್ಲಿಯೇ ಬಿಟ್ಟುಹೋಗುವುದೂ ಉಂಟು. ಅದಕ್ಕೆ ಕಾರಣಗಳು ಬೇರೆಯೂ ಇವೆ, ಅಲರ್ಜಿಯ ಭಯ ಅವುಗಳಲ್ಲಿ ಚಿಕ್ಕದೇ ಇರಬಹುದು. ಆದರೆ ಮಗ್ಗವೊಂದು ನಿಂತುಹೋಗುವುದಕ್ಕೆ ಸುಳ್ಳು ಕಾರಣವೊಂದು ನೆರವಾಗಬೇಕಾಗಿಲ್ಲ.

ಓದಿದ್ದನ್ನು ನಂಬುವುದಕ್ಕಿಂತ ಅಳೆದು ನೋಡುವುದು ಮೇಲು. ಸಹ್ಯಾದ್ರಿ ಕಾಲೇಜಿನ ವಿದ್ಯಾರ್ಥಿಗಳಿಗಾಗಲಿ ಭದ್ರಾವತಿಯ ಹೈಸ್ಕೂಲಿನ ಹುಡುಗ ಹುಡುಗಿಯರಿಗಾಗಲಿ ಇದು ಕಷ್ಟವಲ್ಲ. ಒಂದೇ ಜಾತಿಯ ಎರಡು ಉಷ್ಣಮಾಪಕಗಳನ್ನು ತೆಗೆದುಕೊಂಡು, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಬಟ್ಟಲಿನಲ್ಲಿಡಿ. ಎರಡರ ನಡುವಣ ವ್ಯತ್ಯಾಸದಿಂದ ಆರ್ದ್ರತೆಯನ್ನು ತಿಳಿಸುವ ಪಟ್ಟಿ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ದೊರೆಯುತ್ತದೆ. ಮೇಜಿನ ಮೇಲೊಮ್ಮೆ, ನೆಲಕ್ಕೆ ಹತ್ತಿರವಾಗಿ ಇನ್ನೊಮ್ಮೆ ಅಳೆಯಿರಿ. ಬುರುಡೆಗಳಿಗೆ ಪುಸ್ತಕದಿಂದ ಮೆಲ್ಲಗೆ ಗಾಳಿ ಬೀಸಿ, ಪಾದರಸ ನಿಂತ ಮೇಲೆ ಓದಿಕೊಳ್ಳಿ. ಅದೇ ದಿನ ಮನೆಯ ಕಂಬಳಿಯನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮೊದಲನೆಯ ಅಳತೆ ಏಪ್ರಿಲಿನಲ್ಲಿ ಆಗಬೇಕು, ಎರಡನೆಯದು ಜುಲೈಯಲ್ಲಿ. ಏಪ್ರಿಲಿನ ಅಂಕಿ ಕೈಯಲ್ಲಿಲ್ಲದಿದ್ದರೆ ಜುಲೈಯ ಅಂಕಿ ಏನನ್ನೂ ಹೇಳದು.